ಪಾಪಮ್ಮನ ಹೆಸರಿನ ಹಾಳೆಯಲ್ಲಿ ನನ್ನ ಉತ್ತರ

ಟಿಕ್, ಟಿಕ್. ಬಾಲ್ ಪೆನ್ನಿನ ತುದಿಯ ಗುಂಡಿಯನ್ನು ಗದ್ದಕ್ಕೆ ಒತ್ತಿ ಬಿಡುವ ಸದ್ದು ಅದು. ಬುಧವಾರದ ಆ ವೇಟಿಂಗ್ ರೂಮ್ ನೆನಪಾದರೆ ನನಗೆ ಮೊದಲು ಕೇಳಿಸುವುದು ಡಾಕ್ಟರ ದನಿಯಲ್ಲ, ನರ್ಸ್ ಹೆಸರು ಕೂಗುವುದೂ ಅಲ್ಲ, ಈ ಟಿಕ್ ಟಿಕ್. ಅಲ್ಲಿ ಕೂತವರೆಲ್ಲ ಬೆರಳಿನ ಗಂಟು ಊದಿದವರು. ಹೆಬ್ಬೆರಳಿನಲ್ಲಿ ಒತ್ತಿ ಪೆನ್ನು ತೆರೆಯಲು ಹೆಚ್ಚಿನವರಿಗೆ ಆಗುತ್ತಿರಲಿಲ್ಲ. ಗದ್ದಕ್ಕೆ ಒತ್ತುವ ಉಪಾಯ ಕಂಡುಹಿಡಿದವಳು ಪಾಪಮ್ಮ. ಅವಳಿಗೆ ಓದು ಬರಹ ಬರುತ್ತಿರಲಿಲ್ಲ. ಆದರೂ ಕೈಗೆ ಪೆನ್ನು ಸಿಕ್ಕರೆ ತನ್ನ ಸರದಿ ಬರುವವರೆಗೂ ಕೊಡುತ್ತಿರಲಿಲ್ಲ.

ನನಗೆ ರುಮಟಾಯ್ಡ್ ಆರ್ಥ್ರೈಟಿಸ್ ಎಂದು ಗೊತ್ತಾದದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಆಗ ನಾನು ಹಳೇ ಮದ್ರಾಸ್ ರಸ್ತೆಯ ಒಂದು ಫ್ಯಾಕ್ಟರಿಯಲ್ಲಿ ಟೆಲಿಫೋನ್ ಆಪರೇಟರ್. ಇಪ್ಪತ್ತೆಂಟು ವರ್ಷ ‘ಗುಡ್ ಮಾರ್ನಿಂಗ್, ಹೋಲ್ಡ್ ದಿ ಲೈನ್ ಪ್ಲೀಸ್’ ಎಂದವಳು. ನನ್ನ ಮುಖ ನೋಡದವರೂ ದನಿ ಹಿಡಿದು ಗುರುತು ಹೇಳುತ್ತಿದ್ದರು. ಒಂದು ಬೆಳಿಗ್ಗೆ ಎದ್ದಾಗ ಬೆರಳು ಮಡಚಲಿಲ್ಲ. ಬಿಸಿನೀರಿನಲ್ಲಿ ಅದ್ದಿಕೊಂಡು ಡ್ಯೂಟಿಗೆ ಹೋದೆ. ಆ ವಾರ ಜನರಲ್ ಮ್ಯಾನೇಜರಿಗೆ ಬಂದ ಟ್ರಂಕ್ ಕಾಲ್ ಒಂದನ್ನು ಕ್ಯಾಂಟೀನಿಗೆ ಕೊಟ್ಟುಬಿಟ್ಟೆ. ಕ್ಯಾಂಟೀನಿನವನು ಪಾಪ, ಇವತ್ತು ಬಿಸಿಬೇಳೆಬಾತು ಎಂದು ಹೇಳಿ ಫೋನ್ ಇಟ್ಟನಂತೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಆರು ತಿಂಗಳಿಗೆ ವಾಲಂಟರಿ ರಿಟೈರ್‌ಮೆಂಟ್ ಕಾಗದಕ್ಕೆ ಸಹಿ ಹಾಕಿದೆ. ಆ ಸಹಿ ನನ್ನದು ಅನ್ನಿಸುವಂತಿರಲಿಲ್ಲ.

ನಮ್ಮ ಯಜಮಾನರು ಇನ್ಶೂರೆನ್ಸ್ ಆಫೀಸಿನವರು. ಯಾವ ಕಷ್ಟ ಬಂದರೂ ಅದಕ್ಕೊಂದು ವಸ್ತು ಕೊಂಡು ತರುವುದು ಅವರ ಸ್ವಭಾವ. ನನ್ನ ಕಾಯಿಲೆಗೆ ಮೊದಲು ಹಾಟ್ ವಾಟರ್ ಬ್ಯಾಗ್ ಬಂತು, ಆಮೇಲೆ ಹಿಸುಕಲು ರಬ್ಬರ್ ಚೆಂಡು, ಆಮೇಲೆ ಹಲಸೂರಿನ ಬಜಾರಿನಿಂದ ಉದ್ದ ಹಿಡಿಯ ಒಂದು ಸ್ಟೀಲ್ ಸೌಟು. “ವಿಲ್ ಪವರ್ ಬೇಕು ಕಣೇ, ವಿಲ್ ಪವರ್” ಎನ್ನುತ್ತಿದ್ದರು. ನಾನು ಹೂಂ ಅನ್ನುತ್ತಿದ್ದೆ. ಅವರ ಮೇಲೆ ಸಿಟ್ಟೂ ಬರುತ್ತಿರಲಿಲ್ಲ.

ಇದನ್ನು ಓದುವವರಲ್ಲಿ ಯಾರಿಗಾದರೂ ಹೀಗೆ ಆಗಿದ್ದರೆ ಗುರುತು ಸಿಗಲಿ ಎಂದು ಬರೆಯುತ್ತಿದ್ದೇನೆ. ನೋವು ಇತ್ತು, ಅದಕ್ಕೆ ಮಾತ್ರೆಯೂ ಇತ್ತು. ಎರಡು ಮೂರು ವರ್ಷದಲ್ಲಿ ನೋವು ಒಂದು ಅಳತೆಗೆ ಬಂತು. ಆದರೆ ಉಳಿದದ್ದೆಲ್ಲ ಯಾವಾಗ ಕಡಿಮೆಯಾಗುತ್ತಾ ಹೋಯಿತು ಎಂಬುದು ನನಗೇ ತಿಳಿಯಲಿಲ್ಲ. ಊಟ ರುಚಿಸದೆ ಇರಲಿಲ್ಲ, ರುಚಿ ಇದೆಯೋ ಇಲ್ಲವೋ ಎಂಬ ಕಡೆ ಗಮನವೇ ಹೋಗುತ್ತಿರಲಿಲ್ಲ. ಮದುವೆಯಾದಾಗಿನಿಂದ ಬೆಳಗಿನ ಪೇಪರಿನ ಕ್ರಾಸ್‌ವರ್ಡ್ ಬಿಡಿಸುವುದು ನನ್ನ ಚಟ. ಅದು ನಿಂತುಹೋಯಿತು. ಇವರು ಮಾತ್ರ ಪೇಪರನ್ನು ಆ ಪುಟಕ್ಕೇ ಮಡಚಿ, ಮೇಲೆ ಪೆನ್ಸಿಲ್ ಇಟ್ಟು, ನನ್ನ ಕಾಫಿ ಲೋಟದ ಪಕ್ಕದಲ್ಲಿ ಇಡುವುದು ಬಿಡಲಿಲ್ಲ. ಸಂಜೆ ಆ ಖಾಲಿ ಚೌಕಗಳನ್ನು ಹಾಗೇ ಎತ್ತಿ ರದ್ದಿಗೆ ಹಾಕುತ್ತಿದ್ದೆ. ತಾಯಿ ತೀರಿಕೊಂಡಾಗಲೂ ನನಗೆ ಅಳು ಬರಲಿಲ್ಲ. ಬಂದವರು “ಎಷ್ಟು ಗಟ್ಟಿ ಮನಸ್ಸು” ಎಂದರು. ಥ್ಯಾಂಕ್ ಯೂ ಎಂದೆ. ಸಾವಿನ ಮನೆಯಲ್ಲಿ ಥ್ಯಾಂಕ್ ಯೂ ಎಂದದ್ದು ಆಮೇಲೆ ಹೊಳೆಯಿತು. ಹೊಳೆದರೂ ನಾಚಿಕೆಯಾಗಲಿಲ್ಲ.

ಆಸ್ಪತ್ರೆ ಶಿವಾಜಿನಗರಕ್ಕೂ ಹಲಸೂರಿಗೂ ನಡುವೆ ಇತ್ತು. ತಿಂಗಳಿಗೊಂದು ಬುಧವಾರ ಜಾಯಿಂಟ್ ಕ್ಲಿನಿಕ್. ಉದ್ದದ ಮರದ ಬೆಂಚು, ಅದರ ಮೇಲೆ ಹದಿನೈದು ಇಪ್ಪತ್ತು ಹೆಂಗಸರು, ಮೂರು ನಾಲ್ಕು ಭಾಷೆ. ಪಾಪಮ್ಮ ರಾಮಮೂರ್ತಿ ನಗರದ ಆಚೆಯ ಹಳ್ಳಿಯವಳು. ಹಳ್ಳಿ ಎಂದರೆ ಆಗಲೇ ಹಳ್ಳಿ ಉಳಿದಿರಲಿಲ್ಲ. ರಾಗಿ ಬೆಳೆಯುತ್ತಿದ್ದ ಹೊಲ ಲೇಔಟ್ ಆಗಿ, ಅವಳ ಮನೆಯ ಹಿಂದೆ ಸಾಲಾಗಿ ಬಾಡಿಗೆ ಮನೆಗಳಾಗಿದ್ದವು. ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ಸು ಹತ್ತಿ ಬರುತ್ತಿದ್ದಳು, ಡಬ್ಬಿಯಲ್ಲಿ ಅವರೆಕಾಳು ಉಪ್ಪಿಟ್ಟು ತರುತ್ತಿದ್ದಳು. ನನಗಿಂತ ಎರಡು ವರ್ಷವಾದರೂ ದೊಡ್ಡವಳು, ಆದರೂ ನನ್ನನ್ನು ‘ಇಂಗ್ಲಿಷಕ್ಕ’ ಎಂದೇ ಕರೆಯುತ್ತಿದ್ದಳು. ಮೊದಲ ದಿನ ನರ್ಸಿನ ಜೊತೆ ನಾನು ಇಂಗ್ಲಿಷಿನಲ್ಲಿ ಮಾತಾಡಿದ್ದನ್ನು ಕೇಳಿಸಿಕೊಂಡು ಇಟ್ಟ ಹೆಸರು.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷ ಆಗಿರಬೇಕು. ಒಂದು ಬುಧವಾರ ಡಾಕ್ಟರು ಹೊರಗೆ ಬಂದು, ಇನ್ನು ಮೇಲೆ ಕೀಲುಗಳ ಜೊತೆಗೆ ಮನಸ್ಸಿನ ಪರಿಸ್ಥಿತಿಯನ್ನೂ ವಿಚಾರಿಸುತ್ತೇವೆ, ಇದು ರೂಟೀನ್, ಯಾರೂ ಹೆದರಬೇಡಿ ಎಂದರು. ಅವರ ಹಿಂದೆ ಶೀಲಾ ಎಂಬ ಹುಡುಗಿ ನಿಂತಿದ್ದಳು. ಕೌನ್ಸೆಲರ್. ಕಾಟನ್ ಸೀರೆ, ಕೈಯಲ್ಲಿ ಜೆರಾಕ್ಸ್ ಹಾಳೆಗಳ ಕಟ್ಟು ಮತ್ತು ಒಂದು ಡಬ್ಬದ ತುಂಬ ಆ ಟಿಕ್ ಟಿಕ್ ಪೆನ್ನುಗಳು. ಹಾಳೆಯಲ್ಲಿ ಹತ್ತು ಪ್ರಶ್ನೆ. ಪ್ರತಿ ಪ್ರಶ್ನೆಯ ಮುಂದೆ ನಾಲ್ಕು ಚೌಕ: ಇಲ್ಲವೇ ಇಲ್ಲ, ಅಪರೂಪಕ್ಕೆ, ಆಗಾಗ, ಯಾವಾಗಲೂ. ಎಲ್ಲ ಇಂಗ್ಲಿಷಿನಲ್ಲಿ. ಬೆಂಚಿನಲ್ಲಿ ಅದನ್ನು ಓದಬಲ್ಲವರು ನಾನೂ ಸೇರಿ ಇಬ್ಬರೋ ಮೂವರೋ.

ನನ್ನ ಹಾಳೆಯನ್ನು ನಾನು ಎರಡು ನಿಮಿಷದಲ್ಲಿ ಮುಗಿಸಿದೆ. ಹತ್ತಕ್ಕೆ ಹತ್ತೂ ಮೊದಲನೆಯ ಚೌಕ. ಸುಳ್ಳು ಬರೆಯುತ್ತಿದ್ದೇನೆ ಅನ್ನಿಸಲೇ ಇಲ್ಲ. ಕಾನ್ವೆಂಟಿನಲ್ಲಿ ಮೂರು ವರ್ಷ ಬೋರ್ಡಿಂಗ್‌ನಲ್ಲಿದ್ದೆ. ಭಾನುವಾರ ಮನೆಗೆ ಕಾಗದ ಬರೆಯಬೇಕು, ಅಂಟಿಸುವ ಮೊದಲು ಸಿಸ್ಟರ್ ಓದಬೇಕು. ‘ಐ ಆಮ್ ಕ್ವೈಟ್ ವೆಲ್ ಆಂಡ್ ಹ್ಯಾಪಿ ಹಿಯರ್’ ಎಂಬ ಸಾಲು ಇಲ್ಲದ ಕಾಗದ ವಾಪಸ್ ಬರುತ್ತಿತ್ತು. ಮೀಸಲ್ಸ್ ಬಂದು ಸಿಕ್ ರೂಮಿನಲ್ಲಿ ಮಲಗಿದ್ದಾಗಲೂ ನಾನು ಆ ಸಾಲು ಬರೆದಿದ್ದೆ. ಇನ್ನೊಬ್ಬರು ಓದುವ ಕಾಗದದ ಮೇಲೆ ನನ್ನ ಕೈ ತಾನಾಗಿ ಚೆನ್ನಾಗಿದ್ದೇನೆ ಎಂದೇ ಬರೆಯುತ್ತದೆ.

ಶೀಲಾ ನನ್ನ ಹತ್ತಿರ ಬಂದಳು. “ಆಂಟಿ, ನಿಮಗೆ ಲ್ಯಾಂಗ್ವೇಜಸ್ ಬರುತ್ತೆ ಅಂತ ನರ್ಸ್ ಹೇಳಿದ್ರು. ಇವರಿಗೆಲ್ಲ ಸ್ವಲ್ಪ ಕೇಳಿ ಬರ್ಕೊಡ್ತೀರಾ?”

“ವೈ ನಾಟ್” ಎಂದೆ.

ನಿಜ ಹೇಳಬೇಕೆಂದರೆ ಅದು ನನಗೆ ಇಷ್ಟವಾಯಿತು. ಎಷ್ಟೋ ದಿನಗಳ ಮೇಲೆ ಯಾರೋ ಲೈನಿನ ಆ ಕಡೆ, ಯಾರೋ ಈ ಕಡೆ, ನಡುವೆ ನಾನು. ಮರ್ಫಿ ಟೌನಿನ ಒಬ್ಬ ತಮಿಳು ಹೆಂಗಸಿಗೆ ಅವರ ಭಾಷೆಯಲ್ಲಿ ಕೇಳಿ ಬರೆದೆ. ಶಿವಾಜಿನಗರದ ಒಬ್ಬ ಬೀಬಿಯವರಿಗೆ ನನ್ನ ಅರ್ಧಂಬರ್ಧ ಉರ್ದುವಿನಲ್ಲಿ ಕೇಳಿದೆ. ಅವರಿಬ್ಬರೂ ಹೌದು, ಇಲ್ಲ ಎಂದು ಚುಟುಕಾಗಿ ಹೇಳಿದರು. ಕೊನೆಗೆ ಪಾಪಮ್ಮನ ಪಕ್ಕದಲ್ಲಿ ಕೂತೆ.

“ಇದೇನಕ್ಕ ಚೌಕಾಬಾರದ ಮನೆ ಇದ್ದಂಗೈತೆ?” ಎಂದಳು ಹಾಳೆ ನೋಡಿ.

“ಹಾಗೇ ಅಂದ್ಕೊಳ್ಳಿ. ಒಂದನೇ ಮನೆ ಅಂದ್ರೆ ಇಲ್ಲ, ನಾಲ್ಕನೇ ಮನೆ ಅಂದ್ರೆ ಯಾವಾಗ್ಲೂ. ಮೊದಲನೇ ಪ್ರಶ್ನೆ. ಮುಂಚೆ ಇಷ್ಟವಾಗ್ತಿದ್ದ ಕೆಲಸ ಈಗ ಇಷ್ಟ ಆಗ್ತಿಲ್ವಾ?”

“ಇಷ್ಟ ಅಂದ್ರೆ ಏನಂತ ಹೇಳ್ಲಿ? ಹಸ ಇದ್ದಾಗ ಹಸ ಇಷ್ಟ. ಈಗ ಹಸ ಕಟ್ಟೋ ಜಾಗದಾಗೆ ಬಾಡಿಗೆಯೋರು ಅವ್ರೆ. ಅವ್ರನ್ನ ಇಷ್ಟಪಡಕಾಯ್ತದಾ?”

ಇದು ಯಾವ ಮನೆ? ನಾನು ನಾಲ್ಕನೆಯದಕ್ಕೆ ಗುರುತು ಹಾಕಿದೆ.

“ನಾನು ಮನೆಯವರಿಗೆ ಭಾರ ಅನ್ಸುತ್ತಾ?”

“ನಮ್ಮ ಸೊಸೆ ಹಂಗೇ ಅಂತಾಳೆ. ನಾನೂ ಅವಳಿಗೆ ಹಂಗೇ ಅಂತೀನಿ.”

ನಾಲ್ಕನೆಯ ಮನೆ.

“ಅಳು ಬರುತ್ತಾ?”

“ದಿನಾ ಅಳ್ತೀನಿ ಕಣಕ್ಕ. ಸಾಯಂಕಾಲ ಸೀರಿಯಲ್ ಹಾಕ್ತಾರಲ್ಲ, ಮುಗಿಯೋತನಕ ಅಳ್ತೀನಿ. ಅಳಲಿ ಅಂತ್ಲೇ ಅಲ್ವಾ ಅವ್ರು ಹಾಕೋದು?”

ಇಲ್ಲವೇ ಇಲ್ಲ ಎಂದು ಗುರುತು ಹಾಕಿದೆ. ಟಿವಿ ನೋಡಿ ಅಳುವುದು ಅಳು ಅಲ್ಲ ಎಂದು ನನ್ನಷ್ಟಕ್ಕೆ ತೀರ್ಮಾನಿಸಿದೆ.

ಹತ್ತನೆಯ ಪ್ರಶ್ನೆಯನ್ನು ಕನ್ನಡದಲ್ಲಿ ಹೇಗೆ ಕೇಳುವುದೆಂದು ಒಂದು ಕ್ಷಣ ತಡೆದೆ. “ಬೆಳಿಗ್ಗೆ ಎಚ್ಚರ ಆಗದೇ ಇದ್ದಿದ್ರೆ ಚೆನ್ನಾಗಿತ್ತು ಅನ್ಸುತ್ತಾ?”

ಪಾಪಮ್ಮ ಪೆನ್ನಿಗಾಗಿ ಕೈ ಚಾಚಿದ್ದವಳು ಕೈ ಹಿಂದಕ್ಕೆ ತೆಗೆದುಕೊಂಡಳು. ನನ್ನ ಮುಖ ನೋಡಿದಳು. “ಎಚ್ಚರ ಆಗ್ದಿದ್ರೆ ನಲ್ಲಿ ನೀರು ಯಾರು ಹಿಡೀತಾರೆ?” ಎಂದಳು.

ಮೂರನೆಯ ಮನೆ. ಆಗಾಗ.

ಬೇಕೆಂದು ಮಾಡಿದೆನೇ ಎಂದು ಆಮೇಲೆ ಬಹಳ ಜನ ಕೇಳಿದ್ದಾರೆ. ಇಲ್ಲ. ಅವಳು ಕತೆ ಹೇಳುತ್ತಿದ್ದಳು, ನಾನು ಚೌಕ ಹುಡುಕುತ್ತಿದ್ದೆ, ಪ್ರತಿಸಲವೂ ಒಂದು ಚೌಕ ಆಗಲೇ ಸಿದ್ಧವಾಗಿ ಕಾಯುತ್ತಿದ್ದ ಹಾಗೆ ಕಾಣಿಸಿತು. ಅದು ಎಲ್ಲಿಂದ ಬಂತೆಂದು ನೋಡಲಿಲ್ಲ. ಮೇಲೆ ಇದ್ದದ್ದು ಅವಳ ಹೆಸರು.

ಅರ್ಧ ಗಂಟೆಯಾದ ಮೇಲೆ ಶೀಲಾ ಬಾಗಿಲ ಬಳಿ ಬಂದು ಪಾಪಮ್ಮನನ್ನು ಒಳಗೆ ಕರೆದಳು. ಮುಖ ಗಂಭೀರವಾಗಿತ್ತು. ಮನೆಯಿಂದ ಯಾರಾದರೂ ಬಂದಿದ್ದಾರಾ ಎಂದು ಕೇಳಿದಳು. ನನಗೆ ಆಗಲೂ ಏನೂ ಹೊಳೆಯಲಿಲ್ಲ. ಬಾಗಿಲು ಹಾಕಿಕೊಂಡಿತು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಪಾಪಮ್ಮನ ದನಿ ಕೇಳಿತು, “ನಾನಾ? ಅಳಲ್ವಾ?” ಆಮೇಲೆ ಅವಳ ನಗು. ಆಮೇಲೆ ನಗು ನಿಂತಿತು. ಅವಳ ನಗು ನಡುವೆ ನಿಂತದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಬಾಗಿಲು ತೆರೆದು ನೇರ ನನ್ನ ಮುಂದೆ ಬಂದು ನಿಂತಳು.

“ಬಾ ಒಳಕ್ಕೆ.”

“ಯಾಕೆ ಪಾಪಮ್ಮ?”

“ನಿನ್ನ ಚೀಟಿ ನನ್ನ ಹೆಸರಲ್ಲಿ ಹೋಗ್ಬುಟ್ಟೈತೆ. ಬಾ.”

ಅಲ್ಲಿಯವರೆಗೆ ಅವಳು ನನ್ನನ್ನು ಬಾರಕ್ಕ, ಕೂತ್ಕಳಕ್ಕ ಎನ್ನುತ್ತಿದ್ದವಳು. ಆವತ್ತು ಬರೀ ‘ಬಾ’ ಎಂದಳು. ಎದ್ದು ಹೋದೆ.

ಶೀಲಾಳ ಮೇಜಿನ ಮೇಲೆ ಎರಡು ಹಾಳೆ ಅಕ್ಕಪಕ್ಕ ಇದ್ದವು. ನನ್ನದರಲ್ಲಿ ಹತ್ತು ಗುರುತುಗಳು ರೂಲ್ ಎಳೆದ ಹಾಗೆ ಒಂದೇ ಗೆರೆಯಲ್ಲಿ. “ಐ ಮಸ್ಟ್ ಹ್ಯಾವ್ ಮೇಡ್ ಎ ಮಿಸ್ಟೇಕ್. ಇನ್ನೊಂದು ಹಾಳೆ ಕೊಡಿ, ಮತ್ತೆ ಕೇಳಿ ಬರೀತೀನಿ” ಎಂದೆ. ಟೆಲಿಫೋನ್ ಎಕ್ಸ್‌ಚೇಂಜಿನ ದನಿ ತಾನಾಗಿ ಬಂದಿತ್ತು.

“ಮಿಷ್ಟೀಕು ಅಲ್ಲಮ್ಮ” ಎಂದಳು ಪಾಪಮ್ಮ, ಶೀಲಾಳಿಗೆ. “ಮೂರು ವರ್ಸದಿಂದ ನೋಡ್ತಾ ಇವ್ನಿ ಇವಳನ್ನ. ಇವಳ ತಾಯಿ ತೀರ್ಕಂಡ ತಿಂಗ್ಳೂ ಇಲ್ಲಿಗೆ ಬಂದಿದ್ಲು, ಬಸ್ಸು ತಪ್ಪೋಯ್ತು ಅನ್ನೋ ಥರಾ ಹೇಳಿದ್ಲು. ಅಳದೇ ಇರೋಳು ನಾನಲ್ಲ, ಇವಳು. ಕೊನೇದು ಕೇಳಿದಾಗ್ಲೇ ನಂಗೆ ಅನುಮಾನ ಬಂತು. ಕೇಳೋರ ಮುಖ ಹಂಗಿರಲ್ಲ.”

ಶೀಲಾ ಅವಸರ ಮಾಡಲಿಲ್ಲ. ಆ ಹುಡುಗಿಯ ಬಗ್ಗೆ ನನಗೆ ಇವತ್ತಿಗೂ ಗೌರವ ಇರುವುದು ಅದಕ್ಕೇ. ಪೆನ್ನು ಕೆಳಗಿಟ್ಟು ಕೇಳಿದಳು, “ಆಂಟಿ, ಈ ಉತ್ತರ ಯಾರದ್ದು?”

ತಪ್ಪಾಯಿತು ಎಂದು ಹೇಳಿ ಎದ್ದು ಹೊರಡಬಹುದಿತ್ತು. ಹಾಗೆ ಹೊರಟಿದ್ದರೆ ಮುಂದಿನ ತಿಂಗಳು ಆ ಕ್ಲಿನಿಕ್ಕಿಗೆ ಬರುತ್ತಿರಲಿಲ್ಲ. ಮುಂದೆ ಏನಾಗುತ್ತಿತ್ತೋ ಗೊತ್ತಿಲ್ಲ. ಪಾಪಮ್ಮ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು, ದಪ್ಪ ಹೆಂಗಸು, ಸರಿಸಿಕೊಂಡು ಹೋಗುವ ಹಾಗಿರಲಿಲ್ಲ. ಹೊರಗೆ ನರ್ಸ್ ಯಾರದೋ ಹೆಸರು ಮೂರು ಸಲ ಕೂಗಿದಳು.

“ಕೊನೆಯದು ನನ್ನದು” ಎಂದೆ. ಹಾಳೆಯನ್ನು ನನ್ನ ಕಡೆ ಎಳೆದುಕೊಂಡು, “ಮೇಲಿನವೂ” ಎಂದೆ.

ಅಳು ಬರಲಿಲ್ಲ. ಹಗುರವೂ ಆಗಲಿಲ್ಲ. ನೀರು ಕೇಳಿದೆ. ಪಾಪಮ್ಮ ತನ್ನ ಬಾಟಲಿಯ ಮುಚ್ಚಳ ತಿರುಗಿಸಲು ನೋಡಿದಳು, ಅವಳಿಗಾಗಲಿಲ್ಲ. ನಾನು ನೋಡಿದೆ, ನನಗೂ ಆಗಲಿಲ್ಲ. ಶೀಲಾ ತೆಗೆದುಕೊಟ್ಟಳು.

ಆವತ್ತೇ ನಮ್ಮ ಯಜಮಾನರನ್ನು ಕರೆಸಿದರು. ಸ್ಕೂಟರಿನಲ್ಲಿ ಬಂದರು, ಹೆಲ್ಮೆಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೂತು ಕೇಳಿದರು. ಹೊರಗೆ ಬಂದ ಮೇಲೆ ದನಿ ತಗ್ಗಿಸಿ, “ಅಂದ್ರೆ ಮೆಂಟಲ್ ಡಾಕ್ಟರ ಹತ್ರ ಹೋಗ್ಬೇಕಾ?” ಎಂದರು. ಹೋಗಬೇಕಂತೆ ಎಂದೆ. ಸ್ಕೂಟರ್ ಹಲಸೂರು ಕೆರೆ ದಾಟಿತು. ಸಿಗ್ನಲ್ಲಿನಲ್ಲಿ ನಿಂತಾಗ ಮುಖ ಮುಂದಕ್ಕೇ ಇಟ್ಟುಕೊಂಡು ಕೇಳಿದರು, “ನಾನೇನು ಕಮ್ಮಿ ಮಾಡಿದೆ?”

“ಏನೂ ಇಲ್ಲ” ಎಂದೆ. ಅದು ನಿಜವಾಗಿತ್ತು, ಆದರೆ ಅವರಿಗೆ ಅದರಿಂದ ಏನೂ ಸಿಗಲಿಲ್ಲ ಎಂದು ಅವರ ಬೆನ್ನು ನೋಡಿದರೆ ಗೊತ್ತಾಗುತ್ತಿತ್ತು. ಮರುದಿನ ಪೇಪರು ಎಂದಿನಂತೆ ಮಡಚಿ ಇಟ್ಟಿದ್ದರು. ಪೆನ್ಸಿಲ್ ಹೊಸದಾಗಿ ಚೂಪು ಮಾಡಿದ್ದರು. ನನ್ನ ಬೆರಳಿಗೆ ಹಿಡಿತ ಸಿಗಲಿ ಎಂದು ಅದಕ್ಕೆ ಸೈಕಲ್ ಟ್ಯೂಬಿನ ಒಂದು ತುಂಡು ಸುತ್ತಿದ್ದರು. ಈ ಸಲದ ವಸ್ತು ಅದು.

ಮನಸ್ಸಿನ ಡಾಕ್ಟರು ಒಂದು ಚಿಕ್ಕ ಮಾತ್ರೆ ಕೊಟ್ಟರು, ಪ್ರತಿ ಬುಧವಾರ ಶೀಲಾಳ ಜೊತೆ ಮುಕ್ಕಾಲು ಗಂಟೆ ಕೂರಿಸಿದರು. ಪವಾಡ ಏನೂ ನಡೆಯಲಿಲ್ಲ. ಮೊದಲ ಐದಾರು ವಾರ ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಾ ಕೂರುತ್ತಿದ್ದೆ. ಪಾಪಮ್ಮನ ಸಲಹೆಯ ಮೇಲೆ ಸಂಜೆ ಅದೇ ಸೀರಿಯಲ್ ಕೂಡ ನೋಡಿದೆ. ನಾನು ಸುಮ್ಮನೆ ಕೂತಿದ್ದೆ, ಪಕ್ಕದಲ್ಲಿ ನಮ್ಮ ಯಜಮಾನರು ಕಣ್ಣೊರೆಸಿಕೊಂಡರು. ಪಾಪಮ್ಮನಿಗೆ ಹೇಳಿದೆ.

“ಹೋಗ್ಲಿ ಬುಡು, ಮನೇಲಿ ಒಬ್ರಾದ್ರೂ ಅತ್ತರಲ್ಲ” ಎಂದಳು.

ಮೊದಲು ವಾಪಸ್ ಬಂದದ್ದು ಸಿಟ್ಟು. ಮೂರು ತಿಂಗಳಾದ ಮೇಲೆ ಒಂದು ದಿನ ಇವರು ಹುಳಿಗೆ ಎರಡು ಸಲ ಉಪ್ಪು ಹಾಕಿದ್ದರು. ತಟ್ಟೆ ದೂಡಿ, ಬಾಯಿಗೆ ಇಡೋ ಹಾಗಿಲ್ಲ ಎಂದೆ. ಹೇಳಿ ನಾನೇ ಬೆರಗಾದೆ. ಇವರು ಸೌಟು ಹಿಡಿದುಕೊಂಡು ನಿಂತೇ ಇದ್ದರು, ಮುಖದಲ್ಲಿ ಎಂಥದೋ ಸಂತೋಷ. “ಜಾಸ್ತಿ ಆಯ್ತಾ? ನಿಜವಾಗ್ಲೂ ಜಾಸ್ತಿ ಆಯ್ತಾ?” ಎಂದು ಎರಡು ಸಲ ಕೇಳಿದರು. ಕ್ರಾಸ್‌ವರ್ಡಿನಲ್ಲಿ ಮೂರು ಶಬ್ದ ತುಂಬಿಸಿದ್ದು ಇನ್ನೂ ಎಷ್ಟೋ ದಿನ ಕಳೆದ ಮೇಲೆ. ಪೂರ್ತಿ ಬಿಡಿಸುವ ಹೊತ್ತಿಗೆ ವರ್ಷ ಕಳೆದಿತ್ತು. ಇವತ್ತಿಗೂ ಕೆಲವು ತಿಂಗಳು ಎಲ್ಲ ಮತ್ತೆ ಮಂಕಾಗುತ್ತದೆ. ಈಗ ಅದು ಬರುವುದು ಗೊತ್ತಾಗುತ್ತದೆ, ಬಂದರೆ ಯಾರಿಗೆ ಹೇಳಬೇಕೆಂದೂ ಗೊತ್ತು. ಅಷ್ಟೇ ವ್ಯತ್ಯಾಸ. ನನಗೆ ಅದು ಕಡಿಮೆ ಅಲ್ಲ.

ಆಸ್ಪತ್ರೆಯವರು ಆಮೇಲೆ ಆ ಹಾಳೆಯನ್ನು ಕನ್ನಡ, ತಮಿಳು, ಉರ್ದುವಿನಲ್ಲಿ ಮಾಡಿಸಿದರು. ಒಬ್ಬ ಪೇಷೆಂಟಿನ ಉತ್ತರವನ್ನು ಇನ್ನೊಬ್ಬ ಪೇಷೆಂಟ್ ಬರೆಯುವುದನ್ನು ನಿಲ್ಲಿಸಿದರು. ಪಾಪಮ್ಮನ ಹಾಳೆಯನ್ನು ಮುಂದಿನ ತಿಂಗಳ ಕ್ಲಿನಿಕ್ಕಿನಲ್ಲಿ ಶೀಲಾಳೇ ಕೇಳಿ ತುಂಬಿಸಿದಳು. ಎಲ್ಲ ಒಂದನೇ ಮನೆ, ಅಳುವುದೊಂದು ಬಿಟ್ಟು, ಎಂದು ಪಾಪಮ್ಮ ಹೊರಗೆ ಬಂದು ಹೇಳಿದಳು. “ನಂಗೇನಾಗೈತೆ, ಗುಂಡುಕಲ್ಲು ಇದ್ದಂಗಿವ್ನಿ.” ನಾನು ನಕ್ಕೆ. ಗುರುತುಗಳು ಒಂದೇ ಗೆರೆಯಲ್ಲಿ ಹೇಗೆ ಬೀಳುತ್ತವೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಆದರೂ ನಕ್ಕೆ.

ಅಲ್ಲಿಂದ ಮುಂದೆ ನಮ್ಮಿಬ್ಬರಿಗೂ ಅದೇ ನಮಸ್ಕಾರವಾಯಿತು. ಬೆಂಚಿನಲ್ಲಿ ಕೂರುತ್ತಲೇ ಪಾಪಮ್ಮ ಗದ್ದ ಎತ್ತಿ, “ಯಾವ ಮನೇಲಿದ್ದೀಯ?” ಎನ್ನುತ್ತಿದ್ದಳು. ನಾನು ಬೆರಳು ತೋರಿಸುತ್ತಿದ್ದೆ. ಮೂರು, ಎರಡು, ಒಂದೊಂದು ದಿನ ನಾಲ್ಕು. ನಾಲ್ಕು ತೋರಿಸಿದ ದಿನ ಡಬ್ಬಿ ತೆಗೆದು ನನ್ನ ಕಡೆ ತಳ್ಳುತ್ತಿದ್ದಳು. ನೀನು ಯಾವ ಮನೇಲಿದ್ದೀಯ ಎಂದು ನಾನು ತಿರುಗಿ ಕೇಳಿದ ನೆನಪು ನನಗೆ ಇಲ್ಲ. ಕೇಳಿರಬಹುದು. ನೆನಪಿಲ್ಲ.

ಆಮೇಲೆ ಶೀಲಾ ಮದುವೆಯಾಗಿ ಬೇರೆ ಊರಿಗೆ ಹೋದಳು, ಬುಧವಾರದ ಕ್ಲಿನಿಕ್ ಶನಿವಾರಕ್ಕೆ ಬದಲಾಯಿತು. ಪಾಪಮ್ಮನ ಮಗ ಅವಳನ್ನು ಮನೆ ಹತ್ತಿರದ ಯಾವುದೋ ನರ್ಸಿಂಗ್ ಹೋಮಿಗೆ ಸೇರಿಸಿದ ಎಂದು ಕೇಳಿದೆ.

ಅವಳನ್ನು ಕೊನೆಯ ಸಲ ನೋಡಿದ್ದು ಟಿನ್ ಫ್ಯಾಕ್ಟರಿಯಲ್ಲಿ. ಕೆ.ಆರ್. ಪುರದ ತೂಗುಸೇತುವೆ ತೆರೆದು ಎರಡು ಮೂರು ವರ್ಷವಾಗಿತ್ತು, ಜಾಮ್ ಮಾತ್ರ ಹಾಗೇ ಇತ್ತು. ನಾನು ಯಾರದೋ ನಾಮಕರಣಕ್ಕೆ ಹೊರಟವಳು, ಬಸ್ಸಿನ ಕಿಟಕಿಯ ಪಕ್ಕ ಕೂತಿದ್ದೆ. ಮಧ್ಯಾಹ್ನದ ಬಿಸಿಲು. ಪಾಪಮ್ಮ ಫುಟ್‌ಪಾತಿನಲ್ಲಿ ಕಂಕುಳಲ್ಲಿ ದಂಟಿನ ಸೊಪ್ಪಿನ ಕಟ್ಟು ಇಟ್ಟುಕೊಂಡು ನಿಂತಿದ್ದಳು. ತುಂಬ ಇಳಿದುಹೋಗಿದ್ದಳು, ರವಿಕೆಯ ತೋಳು ದೊಗಳೆಯಾಗಿತ್ತು. ಕರೆದರೆ ಕೇಳಿಸುವಷ್ಟು ಹತ್ತಿರ ಇರಲಿಲ್ಲ. ಅವಳೇ ನನ್ನನ್ನು ನೋಡಿದಳು, ನೋಡಿ ಗದ್ದ ಎತ್ತಿದಳು.

ಕಿಟಕಿಯ ಕಂಬಿಯ ನಡುವೆ ಕೈ ತೂರಿಸಿ ಎರಡು ಬೆರಳು ತೋರಿಸಿದೆ. ಅವಳು ತಲೆ ಆಡಿಸಿದಳು, ನಕ್ಕಳು.

ಆಗ ನಾನು ನನ್ನ ಗದ್ದ ಎತ್ತಿದೆ. ನೀನು?

ಅವಳು ಸೊಪ್ಪಿನ ಕಟ್ಟನ್ನು ಈ ಕಡೆಯಿಂದ ಆ ಕಡೆಯ ಕಂಕುಳಿಗೆ ಬದಲಾಯಿಸಿಕೊಂಡು ಬಲಗೈ ಎತ್ತಿದಳು. ಅಷ್ಟು ವರ್ಷದಲ್ಲಿ ಆ ಬೆರಳುಗಳೆಲ್ಲ ಒಂದೇ ಕಡೆಗೆ ವಾಲಿ, ಒಂದರ ಮೇಲೊಂದು ಏರಿದ್ದವು. ಒಂದು ತೋರಿಸುತ್ತಿದ್ದಳೋ, ಮೂರೋ, ನಾಲ್ಕೋ ತಿಳಿಯಲಿಲ್ಲ. ಇನ್ನೊಮ್ಮೆ ಗದ್ದ ಎತ್ತಿ ಕೇಳಿದೆ. ಅವಳು ಅದೇ ಕೈಯನ್ನು ಇನ್ನೂ ಮೇಲಕ್ಕೆ, ನನಗೆ ಕಾಣಲಿ ಎಂದು, ತಲೆಗಿಂತ ಎತ್ತರಕ್ಕೆ ಹಿಡಿದು ನಿಂತಳು. ಮುಂದಿನ ಲಾರಿ ಹೊರಟಿತು, ನಮ್ಮ ಬಸ್ಸೂ ಹೊರಟಿತು. ನಾನು ಹಿಂದಕ್ಕೆ ತಿರುಗಿ ನೋಡಿದಾಗಲೂ ಕೈ ಹಾಗೇ ಎತ್ತಿಕೊಂಡಿದ್ದಳು.